ದೀಪ ಹೇಳುವುದು ದೂರು, ತೀರ್ಪಲ್ಲ

ಕಳೆದ ಮಳೆಗಾಲದ ಒಂದು ಸಂಜೆ ಮಂಗಳೂರಿನಿಂದ ಬೆಂಗಳೂರಿಗೆ ಹಿಂದಿರುಗುತ್ತಿದ್ದೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಏರತೊಡಗಿದ ಸ್ವಲ್ಪ ಹೊತ್ತಿಗೆ ಕಾರಿನ ಮುಂಫಲಕದಲ್ಲಿ ಎಬಿಎಸ್ ದೀಪ ಹೊತ್ತಿಕೊಂಡಿತು. ಅದರ ಬೆನ್ನಿಗೇ ಎಂಜಿನ್ ದೀಪವೂ ಬೆಳಗಿತು. ಆಕ್ಸಿಲರೇಟರನ್ನು ಎಷ್ಟೇ ತುಳಿದರೂ ಬಂಡಿ ಮುಂದಕ್ಕೆ ನುಗ್ಗಲೊಲ್ಲದು. ಹಿಂದೆ ಲಾರಿಗಳ ಸಾಲು, ಕಿವಿಗಡಚಿಕ್ಕುವ ಹಾರನ್ನು. ಹೇಗೋ ತೆವಳಿಕೊಂಡು ಸಕಲೇಶಪುರ ತಲುಪಿ, ಕಾರನ್ನು ಬದಿಗೆ ನಿಲ್ಲಿಸಿ ಕೀಲಿ ತೆಗೆದು ಹತ್ತು ನಿಮಿಷ ಕಳೆದು ಮತ್ತೆ ಚಾಲೂ ಮಾಡಿದೆ. ಎರಡೂ ದೀಪಗಳು ಆರಿದ್ದವು. ಏನೂ ಆಗದವರಂತೆ ಊರು ಸೇರಿದೆವು.

ನನ್ನದು 2009ರ ಡೀಸೆಲ್ ಕಾರು. ಹಳೆಯದೆಂಬ ಕೀಳರಿಮೆ ನನಗಿಲ್ಲ, ಹೆಮ್ಮೆಯೂ ಇಲ್ಲ. ಮರುದಿನ ಅಧಿಕೃತ ಸೇವಾ ಕೇಂದ್ರವೊಂದಕ್ಕೆ ಒಯ್ದೆ. ಸಮವಸ್ತ್ರ ಧರಿಸಿದ ಯುವಕ ಸ್ಕ್ಯಾನರ್ ಜೋಡಿಸಿ, ಪರದೆಯ ಮೇಲೆ ಮೂಡಿದ್ದನ್ನು ಓದಿ, ಎಡ ಮುಂಗಾಲಿಯ ವೇಗ ಸೆನ್ಸರ್ ಹೋಗಿದೆ ಎಂದ. ಸುಮಾರು ಆರು ಸಾವಿರ ರೂಪಾಯಿಗೆ ಹೊಸದು ಬಂತು. ಹನ್ನೊಂದನೆಯ ದಿನ, ಮತ್ತೆ ಮಳೆ ಸುರಿದಾಗ, ಎರಡೂ ದೀಪಗಳು ಮರಳಿದವು. ಈ ಬಾರಿ ಎಬಿಎಸ್‌ನ ನಿಯಂತ್ರಣ ಘಟಕವನ್ನೇ ಬದಲಿಸಬೇಕು, ಅಂದಾಜು ಎಪ್ಪತ್ತು ಸಾವಿರ ಎಂದರು. 'ಇಷ್ಟು ಹಳೆಯ ಗಾಡಿಗೆ ಅಷ್ಟು ಸುರಿಯುವ ಬದಲು ಮಾರಿಬಿಡಿ ಸರ್' ಎಂಬ ಉಚಿತ ಸಲಹೆಯೂ ಸಿಕ್ಕಿತು.

ಇಂಥ ಸಲಹೆ ಪಡೆದವನು ನಾನೊಬ್ಬನೇ ಅಲ್ಲ ಎಂಬುದನ್ನು ಬಲ್ಲೆ. ಹತ್ತು ಹದಿನೈದು ವರ್ಷ ದಾಟಿದ ಕಾರುಳ್ಳ ಯಾವ ಮಧ್ಯಮ ವರ್ಗದ ಮನೆಯಲ್ಲಿ ವಿಚಾರಿಸಿದರೂ ಇದರ ಒಂದಲ್ಲ ಒಂದು ರೂಪ ಕೇಳಿಬರುತ್ತದೆ. ಆದ್ದರಿಂದ ಆ ದೀಪ ನಿಜಕ್ಕೂ ಏನು ಹೇಳುತ್ತದೆ ಎಂಬುದನ್ನು ತಿಳಿಯುವುದು ಒಳಿತು.

ಎಬಿಎಸ್‌ನ ತತ್ವ ಸರಳ. ಪ್ರತಿ ಚಕ್ರದ ಬಳಿ ಒಂದು ಹಲ್ಲಿನ ಉಂಗುರ ಅಥವಾ ಕಾಂತೀಯ ಉಂಗುರ ತಿರುಗುತ್ತದೆ. ಪಕ್ಕದ ಸೆನ್ಸರ್ ಅದನ್ನು ಎಣಿಸಿ ಚಕ್ರದ ವೇಗವನ್ನು ಕಂಪ್ಯೂಟರಿಗೆ ತಿಳಿಸುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಯಾವುದಾದರೂ ಚಕ್ರ ತಿರುಗುವುದನ್ನು ನಿಲ್ಲಿಸಿ ಜಾರತೊಡಗಿದರೆ, ಆ ಚಕ್ರದ ಬ್ರೇಕನ್ನು ಕ್ಷಣಾರ್ಧದಲ್ಲಿ ಸಡಿಲಿಸಿ ಮತ್ತೆ ಬಿಗಿಮಾಡುತ್ತದೆ. ನಾಲ್ಕು ಲೆಕ್ಕಗಳಲ್ಲಿ ಒಂದು ಹೊಂದದಿದ್ದರೂ ಯಂತ್ರ ಆ ಕೆಲಸದಿಂದ ಹಿಂದೆ ಸರಿದು ದೀಪ ಹೊತ್ತಿಸುತ್ತದೆ.

ಎಂಜಿನ್ನಿನ 'ಲಿಂಪ್ ಮೋಡ್', ಅಂದರೆ ಕುಂಟು ನಡಿಗೆಯ ಸ್ಥಿತಿ, ಇದೇ ವಿವೇಕದ ಇನ್ನೊಂದು ರೂಪ. ಆಕ್ಸಿಲರೇಟರ್ ಪೆಡಲಿನಲ್ಲಿ ಸಾಮಾನ್ಯವಾಗಿ ಎರಡು ಸೆನ್ಸರ್‌ಗಳಿರುತ್ತವೆ. ಅವೆರಡರ ಮಾತು ತಾಳೆಯಾಗದಿದ್ದರೆ ಕಂಪ್ಯೂಟರ್ ಯಾರನ್ನೂ ನಂಬದೆ ಇಂಧನವನ್ನು ಮಿತಿಗೊಳಿಸುತ್ತದೆ. ಟರ್ಬೊದ ಒತ್ತಡ ನಿರೀಕ್ಷೆಗಿಂತ ಹೆಚ್ಚಾದರೂ ಕಡಿಮೆಯಾದರೂ ಹೀಗೆಯೇ. ಇದು ಶಿಕ್ಷೆಯಲ್ಲ. ಎಂಜಿನ್ನನ್ನು ಉಳಿಸಿಕೊಂಡು ನಿಮ್ಮನ್ನು ಮನೆ ಮುಟ್ಟಿಸುವ ಏರ್ಪಾಡು.

ಎರಡೂ ಸಂದರ್ಭಗಳಲ್ಲಿ ಯಂತ್ರ ಒಂದು ಸಂಕೇತವನ್ನು ದಾಖಲಿಸಿಕೊಳ್ಳುತ್ತದೆ. ತಪ್ಪು ಆರಂಭವಾಗುವುದು ಇಲ್ಲಿಂದ. 'ಎಡ ಮುಂಗಾಲಿಯ ವೇಗ ಸಂಕೇತ ಸರಿಯಿಲ್ಲ' ಎಂದರೆ ಸೆನ್ಸರ್ ಸತ್ತಿದೆ ಎಂದರ್ಥವಲ್ಲ. ಸೆನ್ಸರ್ ಚೆನ್ನಾಗಿದ್ದು ಅದರ ತಂತಿ, ಚಕ್ರ ತಿರುಗುವಲ್ಲಿ ಉಜ್ಜಿ ಒಳಗೇ ತುಂಡಾಗಿರಬಹುದು. ಕನೆಕ್ಟರಿನೊಳಗೆ ನೀರು ನುಗ್ಗಿ ತಾಮ್ರ ಹಸಿರುಗಟ್ಟಿರಬಹುದು. ಹಲ್ಲಿನ ಉಂಗುರ ಬಿರುಕು ಬಿಟ್ಟಿರಬಹುದು, ಅದರಡಿ ತುಕ್ಕು ಸೇರಿ ಉಬ್ಬಿರಬಹುದು. ಚಕ್ರದ ಬೇರಿಂಗ್ ಸವೆದು ಅಂತರ ಹೆಚ್ಚಿರಬಹುದು. ಪೊಲೀಸ್ ಠಾಣೆಯ ಎಫ್‌ಐಆರ್ ಹೇಗೆ ನ್ಯಾಯಾಲಯದ ತೀರ್ಪಲ್ಲವೋ ಹಾಗೆಯೇ ಸ್ಕ್ಯಾನರಿನ ಸಂಕೇತವೂ ತೀರ್ಪಲ್ಲ. ಅದು ಯಾರೋ ಕೊಟ್ಟ ದೂರು. ತನಿಖೆ ಇನ್ನೂ ಬಾಕಿ ಇರುತ್ತದೆ.

ಆ ತನಿಖೆಯನ್ನು ನನಗೆ ತೋರಿಸಿಕೊಟ್ಟವರು ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಓಣಿಯೊಂದರಲ್ಲಿ ಕೆಲಸ ಮಾಡುವ, ಅರವತ್ತು ಸಮೀಪಿಸಿದ ಮೆಕ್ಯಾನಿಕ್ ಒಬ್ಬರು. ಅವರು ಮೊದಲು ಬಾನೆಟ್ ಎತ್ತಲಿಲ್ಲ, ಪ್ರಶ್ನೆ ಕೇಳಿದರು. ಯಾವಾಗ ಆಯಿತು? ಮಳೆಯಿತ್ತೆ? ಹೆಡ್‌ಲೈಟ್, ವೈಪರ್, ಬ್ಲೋಯರ್ ಎಲ್ಲವೂ ನಡೆಯುತ್ತಿದ್ದವೆ? ಬ್ಯಾಟರಿ ಬದಲಿಸಿದ್ದು ಯಾವಾಗ? ಆಮೇಲೆ ತಮ್ಮ ಸ್ಕ್ಯಾನರ್ ಜೋಡಿಸಿ ಇದ್ದ ಎಲ್ಲ ಸಂಕೇತಗಳನ್ನೂ ಕಾಗದದ ಮೇಲೆ ಬರೆದುಕೊಂಡರು. ಚಕ್ರದ ಸೆನ್ಸರ್, ಆಕ್ಸಿಲರೇಟರ್ ಪೆಡಲ್, ಎಬಿಎಸ್ ಘಟಕಕ್ಕೆ ಕಡಿಮೆ ವೋಲ್ಟೇಜ್, ಹೀಗೆ ಮೂರು ಇದ್ದವು. 'ಒಂದಕ್ಕೊಂದು ಸಂಬಂಧವಿಲ್ಲದ ಮೂವರು ಒಂದೇ ದಿನ ಕಾಯಿಲೆ ಬಿದ್ದರೆ, ಮೂವರೂ ಕುಡಿದ ನೀರನ್ನು ನೋಡಬೇಕು' ಎಂದರು.

ಅವರು ನೋಡಿದ ನೀರು ವಿದ್ಯುತ್ತು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ತಾಗಿಸಿ, ನನ್ನನ್ನು ಸ್ಟಾರ್ಟರ್ ತಿರುಗಿಸಲು ಹೇಳಿದರು. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ತೋರಿಸಿದ್ದು ಸುಮಾರು ಎರಡು ವೋಲ್ಟ್. ಎಂಜಿನ್ನನ್ನೂ ಕಾರಿನ ಒಡಲನ್ನೂ ಜೋಡಿಸುವ ಹೆಣೆದ ಅರ್ತ್ ಪಟ್ಟಿ ತುಕ್ಕು ತಿಂದು ಕೆಲವೇ ಎಳೆಗಳ ಮೇಲೆ ನಿಂತಿತ್ತು. ವಿದ್ಯುತ್ ಹಿಂದಿರುಗುವ ದಾರಿ ಹೀಗೆ ಕಿರಿದಾದಾಗ ಕಂಪ್ಯೂಟರಿಗೆ ಸಿಗುವ ವೋಲ್ಟೇಜ್ ಏರಿಳಿಯುತ್ತದೆ. ಆ ಏರಿಳಿತವನ್ನು ಅದು ಸೆನ್ಸರ್‌ಗಳ ಸುಳ್ಳೆಂದು ಬಗೆಯುತ್ತದೆ. ಹೊಸ ಪಟ್ಟಿ, ಉಜ್ಜಿದ ಲೋಹ, ಎರಡು ಬೋಲ್ಟು. ಸಾಮಾನಿಗೆ ನಾನೂರು ರೂಪಾಯಿ. ಅನಂತರ ಒಂದು ಇಡೀ ಮಳೆಗಾಲ ಕಳೆದಿದೆ, ದೀಪಗಳು ಮರಳಿಲ್ಲ.

ಹಾಗಿದ್ದರೆ ಸೇವಾ ಕೇಂದ್ರದ ಹೊಸ ಸೆನ್ಸರ್ ಹಾಕಿದಾಗ ದೀಪ ಆರಿದ್ದೇಕೆ? ಅವರು ಸಂಕೇತವನ್ನು ಅಳಿಸಿದ್ದರು, ಮಳೆ ಬಿಡುವು ಕೊಟ್ಟಿತ್ತು, ಅಷ್ಟೆ. ಅಳಿಸುವುದರಲ್ಲಿ ಇನ್ನೊಂದು ನಷ್ಟವೂ ಇದೆ. ಎಂಜಿನ್ ದೋಷ ದಾಖಲಾದ ಗಳಿಗೆಯ ವೇಗ, ಉಷ್ಣತೆ, ಭಾರ ಮುಂತಾದವನ್ನು ಕಂಪ್ಯೂಟರ್ ಒಂದು ಚಿತ್ರದಂತೆ ಹಿಡಿದಿಟ್ಟಿರುತ್ತದೆ. ಅದನ್ನು ಓದದೆ ಅಳಿಸುವುದೆಂದರೆ ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮುನ್ನ ಸಾರಿಸಿ ಗುಡಿಸಿದಂತೆ.

ಸೇವಾ ಕೇಂದ್ರದ ಯುವಕನನ್ನು ದೂರುವುದು ನನ್ನ ಉದ್ದೇಶವಲ್ಲ. ಗಂಟೆಗೆ ಇಷ್ಟು ಕಾರು ಎಂಬ ಲೆಕ್ಕದಲ್ಲಿ ದುಡಿಯುವವನಿಗೆ ಯೋಚಿಸಲು ಸಮಯ ಕೊಡುವವರಿಲ್ಲ. ಬಿಲ್ಲಿನಲ್ಲಿ ಬಿಡಿಭಾಗಕ್ಕೆ ಒಂದು ಸಾಲಿದೆ, ಯೋಚನೆಗೆ ಸಾಲಿಲ್ಲ. ಇದರಲ್ಲಿ ಗ್ರಾಹಕರಾದ ನಮ್ಮ ಪಾಲೂ ಇದೆ. ಆರು ಸಾವಿರದ ಸೆನ್ಸರಿಗೆ ಮರುಮಾತಾಡದೆ ಹಣ ಕೊಟ್ಟ ನಾನು, ಆ ಹಿರಿಯರು ಎರಡು ಗಂಟೆಯ ಪರೀಕ್ಷೆಗೆ ಎಂಟುನೂರು ಕೇಳಿದಾಗ ಒಂದು ಕ್ಷಣ ಹಿಂದೆಮುಂದೆ ನೋಡಿದೆ. ವೈದ್ಯರ ಸಲಹಾ ಶುಲ್ಕವನ್ನು ಒಪ್ಪುವ ನಾವು ಮೆಕ್ಯಾನಿಕ್‌ನ ತಪಾಸಣೆಯನ್ನು ಮಾತ್ರ ಪುಕ್ಕಟೆ ಎಂದೇ ಭಾವಿಸಿದ್ದೇವೆ.

ಇನ್ನೊಂದು ಅಡ್ಡಿ ಮಾಹಿತಿಯದು. ಅಂಗಡಿಯಲ್ಲಿ ಸಾವಿರ ರೂಪಾಯಿಗೆ ಸಿಗುವ ಸ್ಕ್ಯಾನರ್‌ಗಳು ಸಾಮಾನ್ಯವಾಗಿ ಎಂಜಿನ್ನಿನ ಸಂಕೇತಗಳನ್ನಷ್ಟೇ ಓದುತ್ತವೆ. ಎಬಿಎಸ್‌ನೊಳಗೆ ಇಣುಕಲು ತಯಾರಕರ ಉಪಕರಣ ಅಥವಾ ಅದಕ್ಕೆ ಸಮನಾದ ದುಬಾರಿ ಸಾಧನ ಬೇಕು. ಬಿಡಿಭಾಗಗಳನ್ನೂ ದೋಷಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪೆನಿಗಳಿಗೆ 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಆದೇಶ ಮೇಲ್ಮನವಿಗಳ ಹಾದಿ ಹಿಡಿಯಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿ, ಅದೇ ವರ್ಷ ಒಂದು ಜಾಲತಾಣವನ್ನೂ ಆರಂಭಿಸಿತು. ವಾಹನ ಕ್ಷೇತ್ರ ಅದರ ವ್ಯಾಪ್ತಿಯಲ್ಲಿದೆ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಮತದಾರರು ಇದೇ ಹಕ್ಕನ್ನು 2012ರಲ್ಲಿಯೇ ಕಾನೂನಾಗಿ ಪಡೆದರು. ನಮಗೂ ಬೇಕಿರುವುದು ಪಾಲಿಸಲೇಬೇಕಾದ ಕಾನೂನು, ಸದಾಶಯದ ಜಾಲತಾಣವಷ್ಟೇ ಅಲ್ಲ.

ಈ ಮಾತು ಹಳೆಯ ಕಾರಿನ ಮೋಹದಿಂದ ಹುಟ್ಟಿದ್ದಲ್ಲ. ಹೊಗೆ ಕಾರುವ, ಚಾಸಿ ಕರಗಿದ ಬಂಡಿ ಗುಜರಿಗೆ ಹೋಗಲೇಬೇಕು. ಆದರೆ ನಾನೂರು ರೂಪಾಯಿಯ ಪಟ್ಟಿಯ ಕಾರಣಕ್ಕೆ ಗಟ್ಟಿ ಕಾರೊಂದು ಗುಜರಿ ಸೇರುವುದು ಪರಿಸರ ಪ್ರೇಮವೂ ಅಲ್ಲ, ಲೆಕ್ಕಾಚಾರವೂ ಅಲ್ಲ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಇಂದಿನ ಹೊಸ ಕಾರುಗಳೇ ನಾಳಿನ ಹಳೆಯ ಕಾರುಗಳಾದ್ದರಿಂದ ಈ ಸಮಸ್ಯೆ ಇನ್ನು ಎಲ್ಲ ಮನೆಗಳದ್ದಾಗಲಿದೆ.

ದೋಷಪತ್ತೆ ದುಬಾರಿಯಾದಷ್ಟೂ ಅಪಾಯಕರ ಅಡ್ಡದಾರಿಗಳು ಹೆಚ್ಚುತ್ತವೆ. ಹಳೆಯ ಕಾರುಗಳ ಮಾರಾಟದಲ್ಲಿ ಎಬಿಎಸ್ ದೀಪದ ಬಲ್ಬನ್ನೇ ಕಿತ್ತುಹಾಕುವ, ಇಲ್ಲವೆ ಅದರ ತಂತಿಯನ್ನು ಬೇರೊಂದು ದೀಪಕ್ಕೆ ಸೇರಿಸುವ ಕೈಚಳಕ ಗೊತ್ತಿರುವಂಥದ್ದೇ. ಕೀಲಿ ತಿರುಗಿಸಿದ ಕೂಡಲೇ ಆ ದೀಪ ಒಮ್ಮೆ ಬೆಳಗಿ, ಕೆಲವು ಕ್ಷಣಗಳಲ್ಲಿ ತಾನಾಗಿ ಆರಬೇಕು. ಬೆಳಗದೇ ಇದ್ದರೆ ಅನುಮಾನಿಸಿ. ಓಡಾಟದಲ್ಲಿ ಎಬಿಎಸ್ ದೀಪವೊಂದೇ ಹೊತ್ತಿದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಚಕ್ರ ಜಾರಬಹುದು. ನಿಧಾನವಾಗಿ ಸಾಗಿ ಬೇಗ ತೋರಿಸಿ. ಅದರೊಂದಿಗೆ ಕೆಂಪು ಬ್ರೇಕ್ ದೀಪವೂ ಹೊತ್ತಿದರೆ ಮುಂದೆ ಹೋಗದೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ.

ಇನ್ನು ಗ್ಯಾರೇಜಿಗೆ ಹೋದಾಗ ಓದುಗರು ಎರಡೇ ಮಾತು ಕೇಳಬೇಕೆಂದು ನನ್ನ ವಿನಂತಿ. ಸಂಕೇತಗಳನ್ನು ಅಳಿಸುವ ಮುನ್ನ ನನಗೆ ಬರೆದುಕೊಡುತ್ತೀರಾ? ಈ ಭಾಗವೇ ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ತಿಳಿಯಿತು? ಎರಡನೆಯದಕ್ಕೆ ಉತ್ತರ ಕೊಡಬಲ್ಲವರು ಸಿಕ್ಕರೆ, ಅವರು ಕೇಳಿದ ತಪಾಸಣೆಯ ಶುಲ್ಕವನ್ನು ಚೌಕಾಶಿ ಮಾಡದೆ ಕೊಡಿ. ನಾನು ಆ ದಿನ ಒಂದು ಕ್ಷಣ ಹಿಂದೆಮುಂದೆ ನೋಡಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.