ಬಿಳಿಯ ಹೊಗೆಯೂ ಸಂಜೆಯ ಚಳಿಜ್ವರವೂ



ಚಿಗಟೇರಿಯಿಂದ ಹರಪನಹಳ್ಳಿ, ಕೊಟ್ಟೂರು, ಹಡಗಲಿಗಳವರೆಗೆ ಯಾವ ದೊಡ್ಡ ಊರಿನ ಬಸ್ ನಿಲ್ದಾಣದ ಮಗ್ಗುಲಿಗೆ ಹೋದರೂ ಒಂದೆರಡು ವೆಲ್ಡಿಂಗ್ ಅಂಗಡಿಗಳು ಕಣ್ಣಿಗೆ ಬೀಳುತ್ತವೆ. ಹಿಂದೆ ಕುಲುಮೆಯ ಮುಂದೆ ಕುಳ, ಕುಡುಗೋಲುಗಳನ್ನು ಹದಗೊಳಿಸುತ್ತಿದ್ದ ಕಾಯಕವು ಇಂದು ಟ್ರಾಕ್ಟರಿನ ಟ್ರೇಲರು, ಕೊಳವೆಬಾವಿಯ ಪೈಪು, ಮನೆಯ ಗೇಟು, ದನದ ಕೊಟ್ಟಿಗೆಯ ಚಪ್ಪರಗಳ ಕಡೆಗೆ ಹೊರಳಿದೆ. ಹಗಲೆಲ್ಲ ಜಿ.ಐ. ಪೈಪುಗಳನ್ನು ಬೆಸೆದ ಯುವಕನಿಗೆ ಸಂಜೆ ಬಾಯಿ ಒಣಗಿ, ನಾಲಗೆಯ ಮೇಲೆ ಲೋಹದ ರುಚಿ ಹತ್ತಿ, ರಾತ್ರಿ ಮೈ ನಡುಗುವಂತೆ ಚಳಿಜ್ವರ ಬರುವುದುಂಟು. ಮನೆಯವರು ಮಲೇರಿಯವೆಂದೋ, ಬಿಸಿಲಿನ ಬೇಗೆಯೆಂದೋ ಭಾವಿಸುತ್ತಾರೆ. ಒಂದೆರಡು ದಿನಗಳಲ್ಲಿ ಜ್ವರ ತಾನಾಗಿ ಇಳಿಯುತ್ತದೆ. ವಿಷಯ ಅಲ್ಲಿಗೇ ಮರೆತುಹೋಗುತ್ತದೆ. ಹೀಗೆ ಮರೆಯಬಾರದೆಂಬ ಕಾರಣಕ್ಕೇ ಈ ತಿಂಗಳ ಅಂಕಣವನ್ನು ಇದಕ್ಕೆ ಮೀಸಲಿಟ್ಟಿದ್ದೇವೆ.

ಈ ಜ್ವರಕ್ಕೆ ಕಾರಣವಾದುದು ರೋಗಾಣುವಲ್ಲ, ಸತು. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲೆಂದು ಜಿ.ಐ. ಪೈಪು ಮತ್ತು ತಗಡುಗಳಿಗೆ ಸತುವಿನ ಲೇಪವನ್ನು ಕೊಟ್ಟಿರುತ್ತಾರೆ. ಕಬ್ಬಿಣ ಕರಗಲು ಸುಮಾರು 1538 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಸತುವಾದರೋ 907 ಡಿಗ್ರಿಯಲ್ಲಿಯೇ ಕುದಿದು ಆವಿಯಾಗುತ್ತದೆ. ಕಬ್ಬಿಣ ಕರಗುವುದಕ್ಕೆ ಮೊದಲೇ ಮೇಲಕ್ಕೇಳುವ ಆ ಆವಿಯು ಗಾಳಿಯಲ್ಲಿರುವ ಆಮ್ಲಜನಕದೊಡನೆ ಕೂಡಿ ಸತುವಿನ ಆಕ್ಸೈಡ್ ಆಗುತ್ತದೆ. ಬೆಸೆಯುವಾಗ ಏಳುವ ಬಿಳಿಯ ಹೊಗೆ ಅದೇ. ಅದರ ಕಣಗಳಲ್ಲಿ ಬಹಳಷ್ಟು ನ್ಯಾನೋ ಗಾತ್ರದವು, ಎಂದರೆ ನೂರು ನ್ಯಾನೋಮೀಟರಿಗಿಂತ ಕಿರಿದಾದವು. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್ ಎಂದರೆ ಈ ಸೂಕ್ಷ್ಮತೆಯ ಅಂದಾಜು ಸಿಕ್ಕೀತು.

ಕಿರಿದಾದ ಮಾತ್ರಕ್ಕೆ ವಸ್ತುವಿನ ನಡತೆ ಏಕೆ ಬದಲಾಗಬೇಕು? ಒಂದು ಲೆಕ್ಕ ನೋಡೋಣ. ಒಂದು ಸೆಂಟಿಮೀಟರ್ ಅಳತೆಯ ಲೋಹದ ಘನಾಕಾರದ ತುಂಡಿಗೆ ಆರು ಮುಖಗಳು; ಅದರ ಹೊರಮೈ ಒಟ್ಟು 6 ಚದರ ಸೆಂಟಿಮೀಟರ್. ಅದೇ ತುಂಡನ್ನು ಹತ್ತು ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಅವೆಲ್ಲವುಗಳ ಹೊರಮೈ ಸೇರಿ 600 ಚದರ ಮೀಟರ್ ಆಗುತ್ತದೆ. ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಆರು ಗುಂಟೆ ಹೊಲ! ತೂಕ ಒಂದು ಗುಲಗಂಜಿಯಷ್ಟೂ ಹೆಚ್ಚಲಿಲ್ಲ. ದೇಹದ ಜೀವಕೋಶಗಳನ್ನು ಮುಟ್ಟುವ ಮೈ ಮಾತ್ರ ಲಕ್ಷಾಂತರ ಪಟ್ಟು ಬೆಳೆಯಿತು.

ಇಂತಹ ಕಣಗಳಲ್ಲಿ ಅನೇಕವು ಮೂಗಿನ ರೋಮಗಳನ್ನು ದಾಟಿ ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡುಗಳನ್ನು ಸೇರುತ್ತವೆ. ಅಲ್ಲಿನ ಕಾವಲು ಕೋಶಗಳು ಅವುಗಳನ್ನು ನುಂಗುತ್ತವೆ. ಕೋಶದೊಳಗಿನ ಆಮ್ಲದಲ್ಲಿ ಸತುವಿನ ಆಕ್ಸೈಡ್ ಕರಗಿ, ಸತುವಿನ ಅಯಾನುಗಳು ಒಮ್ಮೆಲೇ ಹೊರಬೀಳುತ್ತವೆ. ಘಾಸಿಗೊಂಡ ಕೋಶಗಳು ಜ್ವರ ತರಿಸುವ ರಾಸಾಯನಿಕ ಸಂಕೇತಗಳನ್ನು ರಕ್ತಕ್ಕೆ ಬಿಡುತ್ತವೆ. ಇದೆಲ್ಲಕ್ಕೂ ಕೆಲವು ಗಂಟೆಗಳು ಬೇಕಾದ್ದರಿಂದಲೇ ಹಗಲಿನ ಹೊಗೆಗೆ ಸಂಜೆಯ ಜ್ವರ. ದಿನವೂ ಹೊಗೆ ಕುಡಿಯುವವನಿಗೆ ದೇಹ ಅಲ್ಪಕಾಲ ಒಗ್ಗಿಕೊಳ್ಳುತ್ತದೆ. ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಬಂದೊಡನೆ ಮತ್ತೆ ಜ್ವರ. ಅದಕ್ಕಾಗಿಯೇ ಇದಕ್ಕೆ ಸೋಮವಾರದ ಜ್ವರವೆಂಬ ಹೆಸರೂ ಉಂಟು.

ಇಲ್ಲಿ ವಾಚಕರು ಒಂದು ಮಾತು ಕೇಳಬಹುದು: ಮಕ್ಕಳ ಬೆವರುಸಾಲೆಗೆ ಹಚ್ಚುವ ಕ್ಯಾಲಮೈನ್ ದ್ರವದಲ್ಲಿಯೂ ಸತುವಿನ ಆಕ್ಸೈಡ್ ಇದೆಯಲ್ಲ? ಆಯುರ್ವೇದದ ಯಶದ ಭಸ್ಮವೂ ಬಹುಪಾಲು ಅದೇ ಅಲ್ಲವೆ? ನಿಜ. ಗಾಯವಿಲ್ಲದ ಚರ್ಮವು ಈ ಕಣಗಳನ್ನು ಒಳಗೆ ಬಿಟ್ಟುಕೊಳ್ಳುವುದು ಅತ್ಯಲ್ಪ. ಊಟದ ಮೂಲಕ ಸ್ವಲ್ಪ ಸತು ದೇಹಕ್ಕೆ ಬೇಕೇ ಬೇಕು. ಶ್ವಾಸಕೋಶದ ದಾರಿ ಬೇರೆ. ಅಲ್ಲಿ ಇಂತಹ ಧೂಳನ್ನು ಅರಗಿಸುವ ಏರ್ಪಾಡು ಇಲ್ಲ. ಬೆಸುಗೆಯವರು ಹಾಲು ಕುಡಿದರೆ ಹೊಗೆಯ ವಿಷ ಇಳಿಯುತ್ತದೆಂಬ ನಂಬಿಕೆ ಬಲವಾಗಿದೆ. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಎದೆಗೆ ಹೋಗಿರುತ್ತದೆ. ಕುಡಿಯಲಿ, ಪುಷ್ಟಿಗೆ ಒಳ್ಳೆಯದು. ಆದರೆ ಅದನ್ನು ನೆಚ್ಚಿ ಮೂಗು ತೆರೆದಿಟ್ಟುಕೊಳ್ಳುವುದನ್ನು ನಾವು ಒಪ್ಪಲಾರೆವು.

ಸತುವಿನ ಜ್ವರ ಬಂದು ಹೋಗುತ್ತದೆ. ಮ್ಯಾಂಗನೀಸ್ ಹಾಗಲ್ಲ. ನಮ್ಮ ನೆರೆಯ ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನೊಡನೆ ದೊರೆಯುವ ಈ ಲೋಹವು ವೆಲ್ಡಿಂಗ್ ಕಡ್ಡಿಗಳಲ್ಲಿಯೂ ಇದೆ. ಅದರ ಆಕ್ಸೈಡ್ ಹೊಗೆಯಲ್ಲಿ ಬೆರೆತಿರುತ್ತದೆ. 1837ರಷ್ಟು ಹಿಂದೆಯೇ ಸ್ಕಾಟ್ಲೆಂಡಿನ ಜಾನ್ ಕೂಪರ್ ಎಂಬ ವೈದ್ಯರು ಮ್ಯಾಂಗನೀಸಿನ ಕಪ್ಪು ಆಕ್ಸೈಡನ್ನು ಅರೆಯುತ್ತಿದ್ದ ಕೂಲಿಗಳಲ್ಲಿ ಕಾಲುಗಳ ಶಕ್ತಿ ಕುಂದಿ, ನಡಿಗೆ ತಪ್ಪಿ, ಮಾತು ಅಸ್ಪಷ್ಟವಾದುದನ್ನು ಬರೆದಿಟ್ಟರು. ಪಾರ್ಕಿನ್‌ಸನ್ ರೋಗವನ್ನು ಹೋಲುವ ಈ ನರದೋಷ ವರ್ಷಗಟ್ಟಲೆ ಧೂಳು ಸೇವಿಸಿದವರಿಗೆ ಮೆಲ್ಲನೆ ಬರುತ್ತದೆ. ಬಂದಮೇಲೆ ಬಹುಮಟ್ಟಿಗೆ ಹಿಂದಿರುಗುವುದಿಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ವೆಲ್ಡಿಂಗ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು.

ಇನ್ನು ಹೊಲದ ಮಾತು. ಹರಪನಹಳ್ಳಿ ಸೀಮೆಯ ಮೆಕ್ಕೆಜೋಳಕ್ಕೆ ಸತುವಿನ ಸಲ್ಫೇಟ್ ಹಾಕುವುದು ರೂಢಿ. ಈಗ ನ್ಯಾನೋ ಸತುವಿನ ದ್ರವಗಳೂ ಅಂಗಡಿಗಳಿಗೆ ಬಂದಿವೆ. ಇವು ಸ್ವಲ್ಪದರಲ್ಲಿ ಹೆಚ್ಚು ಕೆಲಸ ಮಾಡಬಲ್ಲವೆಂಬುದು ಸುಳ್ಳಲ್ಲ. ಆದರೆ ಹೆಚ್ಚಾದರೆ? ಕೆರೆಯ ನೀರಿನ ಪಾಚಿ, ನೀರುಚಿಗಟೆಯಂತಹ ಸಣ್ಣ ಜೀವಿಗಳಿಗೆ ಸತುವಿನ ಆಕ್ಸೈಡ್ ವಿಷಕಾರಿಯೆಂದು ಪ್ರಯೋಗಗಳಲ್ಲಿ ಕಂಡಿದೆ. ಅಲ್ಲಿಯೂ ಕೊಲ್ಲುವುದು ಬಹಳಮಟ್ಟಿಗೆ ಕಣದಿಂದ ಕರಗಿ ಬರುವ ಸತುವೇ. 2012ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ಸೋಯಾ ಅವರೆಯ ಮಣ್ಣಿಗೆ ನ್ಯಾನೋ ಕಣಗಳನ್ನು ಬೆರೆಸಿ ನೋಡಿದರು. ಸತುವು ಎಲೆಗಳಲ್ಲಿಯೂ ಕಾಳಿನಲ್ಲಿಯೂ ಶೇಖರವಾಯಿತು, ಬೆಳೆಗೆ ಹಾನಿ ಕಾಣಲಿಲ್ಲ. ಸೀರಿಯಂ ಎಂಬ ಲೋಹದ ಆಕ್ಸೈಡ್ ಮಾತ್ರ ಹೆಚ್ಚಿನ ಪ್ರಮಾಣದಲ್ಲಿ ಬೇರುಗಂಟುಗಳು ಸಾರಜನಕವನ್ನು ಹಿಡಿಯುವುದನ್ನೇ ನಿಲ್ಲಿಸಿಬಿಟ್ಟಿತು. ಶೇಂಗಾ, ತೊಗರಿಗಳು ಬದುಕುವುದೂ ಇಂತಹ ಬೇರುಗಂಟುಗಳ ಮೇಲೆಯೇ. ಆದುದರಿಂದ ಮಣ್ಣು ಪರೀಕ್ಷೆಯಲ್ಲಿ ಸತುವಿನ ಕೊರತೆ ಕಂಡರೆ ಮಾತ್ರ, ಶೀಶೆಯ ಮೇಲೆ ಬರೆದ ಅಳತೆಯಲ್ಲಿಯೇ ಸಿಂಪಡಿಸಬೇಕು. ಒಂದು ಮುಚ್ಚಳ ಹೆಚ್ಚಿಗೆ ಹಾಕಿದರೆ ಒಂದು ಚೀಲ ಹೆಚ್ಚಿಗೆ ಬರುವುದಿಲ್ಲ.

ಮನೆಯಲ್ಲಿ ಬೆಸುಗೆಯ ಕೆಲಸದವರಿದ್ದರೆ ತಾಯಂದಿರೂ ಅಕ್ಕಂದಿರೂ ಇಷ್ಟನ್ನು ಗಮನಿಸಬೇಕು. ಮುಖಕ್ಕೆ ಸುತ್ತಿದ ಟವೆಲು ಬೆವರನ್ನು ಒರೆಸೀತು, ಹೊಗೆಯನ್ನು ತಡೆಯದು. ಕೋವಿಡ್ ಕಾಲದಲ್ಲಿ ಎಲ್ಲರೂ ಕಂಡ ಎನ್-95 ಮುಖಗವಸು ಬಿಗಿಯಾಗಿ ಕೂತರೆ ಬಹುಪಾಲು ಕಣಗಳನ್ನು ಹಿಡಿಯುತ್ತದೆ. ಕಣ್ಣಿನ ಕಪ್ಪು ಗಾಜು ಬೇರೆ, ಇದು ಬೇರೆ, ಎರಡೂ ಬೇಕು. ಜಿ.ಐ. ಪೈಪನ್ನು ಮುಚ್ಚಿದ ಕೋಣೆಯಲ್ಲಿ ಬೆಸೆಯದೆ ಬಯಲಿನಲ್ಲಿ, ಹೊಗೆ ಮುಖದ ಕಡೆಗೆ ಬಾರದಂತೆ ಕುಳಿತು ಬೆಸೆಯಬೇಕು. ಕಿಡಿ ನೋಡಲು ಓಡಿಬರುವ ಮಕ್ಕಳನ್ನು ದೂರವಿಡಬೇಕು. ಜ್ವರ ಎರಡು ದಿನ ಮೀರಿದರೆ ರಕ್ತಪರೀಕ್ಷೆ ಮಾಡಿಸಬೇಕು, ಏಕೆಂದರೆ ಅದು ನಿಜವಾಗಿಯೂ ಮಲೇರಿಯವೋ ಡೆಂಗ್ಯೂವೋ ಇರಬಹುದು. ಉಸಿರು ಕಟ್ಟಿದಂತಾದರೆ ಎರಡು ದಿನ ಕಾಯುವ ಮಾತೇ ಇಲ್ಲ. ಕ್ಯಾಡ್ಮಿಯಂ ಲೇಪದ ಹೊಗೆಯೂ ಹೀಗೆಯೇ ಸೌಮ್ಯವಾಗಿ ಆರಂಭವಾಗಿ ಪ್ರಾಣಕ್ಕೆ ಎರವಾಗಬಲ್ಲದು. ಹರಪನಹಳ್ಳಿಯ ಆಸ್ಪತ್ರೆಗೇ ಹೋಗಲಿ, ನಮ್ಮೂರಿನ ಹೆಸರನ್ನೇ ಹೊತ್ತ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೇ ಹೋಗಲಿ, ಹಿಂದಿನ ದಿನ ಏನನ್ನು ಬೆಸೆದಿದ್ದರೆಂಬುದನ್ನು ವೈದ್ಯರು ಕೇಳುವ ಮುಂಚೆಯೇ ಹೇಳಬೇಕು.