ಮನೆವಾರ್ತೆ: ಬೀರುವಿನೊಳಗಿನ ಬೂಷ್ಟು

ಆರಿದ್ರೆಯ ಮಳೆ ಹಿಡಿಯಿತೆಂದರೆ ಆಶ್ಲೇಷ ಕಳೆಯುವವರೆಗೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆ ಒಳ್ಳೆಯ ಬಿಸಿಲು ಕಾಣುವ ದಿನಗಳು ಕೆಲವೇ. ಕೃಷ್ಣರಾಜನಗರದ ಬಯಲಿನಲ್ಲಿ ಮಳೆ ಕಡಿಮೆಯಾದರೂ, ಕಾಲುವೆ ಗದ್ದೆಗಳ ನಡುವೆ ತೇವಕ್ಕೇನೂ ಕೊರತೆಯಿಲ್ಲ. ಗೌರಿಹಬ್ಬಕ್ಕೆಂದು ಬೀರುವಿನ ಬಾಗಿಲನ್ನು ತೆರೆದ ಗೃಹಿಣಿಗೆ ಮೊದಲು ಮುಗ್ಗಲು ವಾಸನೆ ಬರುವುದು. ಆಮೇಲೆ ಧಾರೆಯ ಸೀರೆಯ ಮಡಿಕೆಯಲ್ಲಿಯೂ ಜಮೀನಿನ ಪತ್ರಗಳ ಅಂಚಿನಲ್ಲಿಯೂ ಬೂಷ್ಟಿನ ಚುಕ್ಕೆಗಳು ಕಾಣುವುವು.

ಅದನ್ನು ಬಟ್ಟೆಯಿಂದ ಒರೆಸಿ, ನಾಲ್ಕು ನುಸಿಗುಳಿಗೆಗಳನ್ನು ಹಾಕಿ ಬಾಗಿಲು ಮುಚ್ಚುವುದು ರೂಢಿ. ಇದರಿಂದ ಫಲವಿಲ್ಲ. ನುಸಿಗುಳಿಗೆಯೂ ಬೇವಿನೆಲೆಯೂ ಹುಳುವಿಗೆ ಮದ್ದೇ ಹೊರತು ಬೂಷ್ಟಿಗಲ್ಲ. ಬೂಷ್ಟು ಕೊಳೆಯಲ್ಲ, ಜೀವವುಳ್ಳದ್ದು. ಅದರ ಬೀಜಕಣಗಳು ಎಲ್ಲ ಮನೆಗಳ ಗಾಳಿಯಲ್ಲಿಯೂ ಇವೆ. ೧೯೨೮ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಫ್ಲೆಮಿಂಗ್ ಪಂಡಿತರಿಗೆ ಪೆನಿಸಿಲಿನ್ ದೊರೆತುದು, ಹೀಗೆ ಕರೆಯದೆ ಬಂದು ತಟ್ಟೆಯಲ್ಲಿ ಬೆಳೆದ ಬೂಷ್ಟಿನಿಂದಲೇ. ಬೀಜವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ನೀರನ್ನು ತಡೆಯುವುದು ಮಾತ್ರ ನಮ್ಮ ಕೈಯಲ್ಲಿದೆ. ಹೊಗೆಸೊಪ್ಪು ಬೆಳೆಯುವ ನಮ್ಮ ರೈತರು ಇದನ್ನು ಚೆನ್ನಾಗಿ ಬಲ್ಲರು. ಹದ ಮೀರಿ ತೇವವಿರುವ ಸೊಪ್ಪನ್ನು ಬಿಗಿದು ಕಟ್ಟಿದರೆ ವರ್ಷದ ದುಡಿಮೆ ಬೂಷ್ಟಿನ ಪಾಲು. ಬೀರುವಿಗೂ ಇದೇ ನ್ಯಾಯ.

ಆದುದರಿಂದ ಮೊದಲು ತೇವದ ಮೂಲವನ್ನು ಅರಸತಕ್ಕುದು. ಬೀರುವಿನ ಹಿಂಗೋಡೆಗೆ ಒಂದು ಗೇಣು ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಇಟ್ಟು, ನಾಲ್ಕಂಚನ್ನೂ ಅಂಟುಪಟ್ಟಿಯಿಂದ ಬಿಗಿದು ಎರಡು ದಿನ ಬಿಡಿರಿ. ಹಾಳೆಯ ಹಿಂದೆ ನೀರು ಕಟ್ಟಿದ್ದರೆ ತೇವವು ಗೋಡೆಯಿಂದ ಬರುತ್ತಿದೆ; ಮುಂದೆ ಕಟ್ಟಿದ್ದರೆ ಕೋಣೆಯ ಗಾಳಿಯಿಂದ. ಈಗಿನ ಕಾಂಕ್ರೀಟು ಮನೆಗಳಲ್ಲಿ ಬಚ್ಚಲಿಗೂ ಗೋಡೆಬೀರುವಿಗೂ ಅನೇಕ ವೇಳೆ ಒಂದೇ ಗೋಡೆ. ಅಲ್ಲಿ ಕೊಳಾಯಿ ಸೋರುತ್ತಿದ್ದರೆ ಅದನ್ನು ಸರಿಪಡಿಸದೆ ಬಣ್ಣ ಬಳಿಯುವುದು ಹುಣ್ಣನ್ನು ಬಟ್ಟೆಯಿಂದ ಮುಚ್ಚಿದಂತೆ. ಬಾಡಿಗೆಯವರು ಹಾಳೆಯನ್ನೇ ಮಾಲೀಕರಿಗೆ ತೋರಿಸಲಿ. ಮಾತಿಗಿಂತ ಅದು ಬಲವಾದ ಸಾಕ್ಷಿ.

ಇನ್ನು ಶುದ್ಧಿಯ ಕ್ರಮ. ಮೂಗುಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು, ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಅಲ್ಲಿಯೇ ಕೊಡಹಬೇಕು. ಹತ್ತಿಯ ಬಟ್ಟೆಯನ್ನು ಬಿಸಿನೀರು ಸಾಬೂನಿನಲ್ಲಿ ಒಗೆದು ಬಿಸಿಲಿಗೆ ಹಾಕಿರಿ. ರೇಷ್ಮೆಯನ್ನು ಮೃದುವಾದ ಕುಂಚದಿಂದ ಒರೆಸಿ ಗಾಳಿಯಾಡುವ ನೆರಳಿನಲ್ಲಿ ಹರಡಿರಿ. ಕಾಗದಪತ್ರಗಳನ್ನು ಒದ್ದೆಯಿರುವಾಗ ಉಜ್ಜಕೂಡದು. ಒಣಗಿದ ಮೇಲೆ ಕುಂಚ ಹಿಡಿಯಬೇಕು. ಹಲಗೆಗಳನ್ನು ಸಾಬೂನಿನ ನೀರಿನಿಂದ ಒರೆಸಿ ಪೂರ್ಣವಾಗಿ ಒಣಗಿಸಬೇಕು. ಬ್ಲೀಚಿಂಗ್ ಪುಡಿಯನ್ನು ಬಚ್ಚಲು ತೊಳೆಯುವ ಆಸಿಡ್ಡಿನೊಡನೆ ಎಂದಿಗೂ ಬೆರೆಸಕೂಡದು, ವಿಷವಾಯು ಹುಟ್ಟುವುದು.

ಮುಂದೆ ಬಾರದಂತೆ ತಡೆಯುವುದೂ ಕಷ್ಟವಲ್ಲ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಇಡಿರಿ. ಗೋಡೆಬೀರುವಾದರೆ ಬಟ್ಟೆಗಳನ್ನು ಹಿಂಗೋಡೆಗೆ ತಾಗಿಸದೆ ಜೋಡಿಸಿರಿ. ಒಳಗೆ ಎಣ್ಣೆಬಣ್ಣಕ್ಕಿಂತ ಸುಣ್ಣವೇ ಲೇಸು, ಅದರ ಕ್ಷಾರದಲ್ಲಿ ಬೂಷ್ಟು ಸುಲಭವಾಗಿ ಬೇರೂರದು. ಅರೆ ಒಣಗಿದ ಬಟ್ಟೆಯನ್ನು ಮಡಿಸಿಡಬೇಡಿರಿ. ಮಳೆ ಬಿಟ್ಟು ಬಿಸಿಲು ಕಂಡ ಮಧ್ಯಾಹ್ನ ಬಾಗಿಲು ತೆರೆಯಿರಿ. ಜಡಿ ಹಿಡಿದಾಗ ತೆರೆದರೆ ತೇವವನ್ನು ಒಳಗೆ ಕರೆದಂತಾದೀತು.

ಇದು ಸೀರೆಯ ಚಿಂತೆ ಮಾತ್ರವಲ್ಲ. ತೇವ, ಬೂಷ್ಟುಗಳಿರುವ ಮನೆಗಳಲ್ಲಿ ಕೆಮ್ಮು, ಉಬ್ಬಸಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿ ಎಚ್ಚರಿಸಿದೆ. ಬೀರುವಿನ ಪಕ್ಕದಲ್ಲಿ ಮಲಗುವ ಮಗುವು ಮಳೆಗಾಲದಲ್ಲೆಲ್ಲ ಕೆಮ್ಮುತ್ತಿದ್ದರೆ, ವೈದ್ಯರಿಗೆ ತೋರಿಸುವುದರ ಜೊತೆಗೆ ಬೀರುವಿನ ಹಿಂಗೋಡೆಯನ್ನೂ ಒಮ್ಮೆ ಕೈಯಿಂದ ಮುಟ್ಟಿ ನೋಡಬೇಕೆಂದು ನಾವು ಗೃಹಸ್ಥರನ್ನು ಬೇಡುತ್ತೇವೆ.