ಮಗಳ ಕೈಯ ಕಾದಂಬರಿ ಮತ್ತು ಮನೆ ಕೇಳದ ಪ್ರಶ್ನೆ

ಮಗಳ ಕೈಯಲ್ಲೊಂದು ಪ್ರೇಮ ಕಾದಂಬರಿ ಕಂಡರೆ ಸಾಕು, ಮನೆಯ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಇಂತಹವನ್ನು ಓದಿಯೇ ಹೆಣ್ಮಕ್ಕಳು ಹಾದಿ ತಪ್ಪುತ್ತಿದ್ದಾರೆ ಎಂಬ ತೀರ್ಪು ಹೊರಬೀಳುತ್ತದೆ. ಹಿಂದೆ ಪುಸ್ತಕವನ್ನು ಕಸಿದುಕೊಳ್ಳುತ್ತಿದ್ದರು, ಈಗ ಮೊಬೈಲನ್ನು. ಆದರೆ ಆಕೆ ಅದನ್ನೇಕೆ ಓದುತ್ತಾಳೆ ಎಂದು ನಾವು ಎಂದಾದರೂ ಯೋಚಿಸಿದ್ದೇವೆಯೇ?

ಕನ್ನಡದ ಜನಪ್ರಿಯ ಕಾದಂಬರಿಗಾರ್ತಿಯರಲ್ಲಿ ಒಬ್ಬರಾದ ಸಾಯಿಸುತೆ 1942ರಲ್ಲಿ ಹುಟ್ಟಿದ್ದು ಕೋಲಾರದಲ್ಲಿ. ನೂರಕ್ಕೂ ಮಿಕ್ಕಿದ ಕಾದಂಬರಿಗಳನ್ನು ಬರೆದವರು ಅವರು. ಇಂತಹ ಕಾದಂಬರಿಗಳು ವಾರಪತ್ರಿಕೆಗಳ ಧಾರಾವಾಹಿಗಳಾಗಿ, ಸರ್ಕ್ಯುಲೇಟಿಂಗ್ ಲೈಬ್ರರಿಗಳ ಮಾಸಿದ ಪ್ರತಿಗಳಾಗಿ ಮನೆಮನೆಗೆ ತಲುಪಿದವು. ಮಹಿಳೆಯರ ಬರಹವನ್ನು 'ಅಡುಗೆಮನೆ ಸಾಹಿತ್ಯ'ವೆಂದು ಹಲವರು ಮೂಗು ಮುರಿದರು. ಓದುಗರು ಮಾತ್ರ ಕೈಬಿಡಲಿಲ್ಲ. ಇಂದು ಪ್ರತಿಲಿಪಿಯಂತಹ ಆ್ಯಪ್‌ಗಳಲ್ಲಿ ಪ್ರೇಮಕಥೆಗಳು ಕಂತುಕಂತಾಗಿ ಬರುತ್ತಿವೆ. ಮುಳಬಾಗಿಲು ತಾಲೂಕಿನ ಬೈರಕೂರಿನಂತಹ ಊರಿನ ಹುಡುಗಿಗೂ ಗ್ರಂಥಾಲಯ ಈಗ ಅಂಗೈಯಲ್ಲಿದೆ.

ಈ ಕಥೆಗಳ ಆಕರ್ಷಣೆಯಾದರೂ ಏನು? ನಾಯಕಿ ನಮ್ಮೂರಿನವಳಂತೆಯೇ ಇರುತ್ತಾಳೆ. ಬಸ್ ನಿಲ್ದಾಣ, ಬಾಡಿಗೆ ಮನೆ, ಅಪ್ಪನ ಸಾಲ, ಮದುವೆಗೆ ಬೆಳೆದು ನಿಂತ ತಂಗಿ, ಎಲ್ಲವೂ ಪರಿಚಿತ. ಅಪರಿಚಿತವಾದುದು ಒಂದೇ. ಅಲ್ಲಿ ಒಬ್ಬಾತ ಆಕೆಯ ಮಾತಿಗಾಗಿ ಕಾಯುತ್ತಾನೆ. ನಿನ್ನ ಇಷ್ಟವೇನು ಎಂದು ಕೇಳುತ್ತಾನೆ. ಓದುವವಳನ್ನು ಹಿಡಿದಿಡುವುದು ಪ್ರೇಮಕ್ಕಿಂತಲೂ ಹೆಚ್ಚಾಗಿ ಆ ಪ್ರಶ್ನೆ.

ಇನ್ನು ನಮ್ಮ ಮನೆಗಳಿಗೆ ಬನ್ನಿ. ಗಂಡಸರು ಕುಳಿತು ಸಂಬಂಧ ಕುದುರಿಸುತ್ತಾರೆ. ಚಿನ್ನ, ಬೈಕು, ಶಾದಿ ಮಹಲಿನ ಖರ್ಚು ಎಲ್ಲವೂ ಇತ್ಯರ್ಥವಾಗುತ್ತದೆ. ಎಲ್ಲ ಮುಗಿದ ಬಳಿಕ ಹುಡುಗಿಯ ಸಮ್ಮತಿ ಕೇಳುವ ಶಾಸ್ತ್ರ! ಲಜ್ಜೆಯ ಮೌನ ಬೇರೆ, ಅಸಹಾಯಕತೆಯ ಮೌನ ಬೇರೆ ಎಂಬುದು ಹೆತ್ತವರಿಗೆ ತಿಳಿಯದೇ? ತಂದೆ ತನ್ನ ಇಷ್ಟಕ್ಕೆ ವಿರುದ್ಧವಾಗಿ ಮದುವೆ ಮಾಡಿಸಿದರೆಂದು ಖನ್ಸಾ ಬಿಂತ್ ಖಿದಾಮ್(ರ) ದೂರಿತ್ತಾಗ ಪ್ರವಾದಿ(ಸ)ಯವರು ಆ ವಿವಾಹವನ್ನೇ ರದ್ದುಗೊಳಿಸಿದ್ದರು. ಮಹ್ರ್ ಹೆಣ್ಣಿನ ಹಕ್ಕು. ವರದಕ್ಷಿಣೆ 1961ರ ಕಾಯ್ದೆಯ ಪ್ರಕಾರ ಅಪರಾಧ. ಇವನ್ನೆಲ್ಲ ಮರೆತವರಿಗೆ ಕಾದಂಬರಿಯ ಮೇಲೆ ಹರಿಹಾಯುವ ನೈತಿಕ ಹಕ್ಕು ಎಲ್ಲಿದೆ?

ಹಾಗೆಂದು ಈ ಕಾದಂಬರಿಗಳು ನಿರ್ದೋಷಿಗಳಲ್ಲ. ಹೆಚ್ಚಿನವು ಮದುವೆಯ ಚಪ್ಪರದಲ್ಲೇ ಮುಗಿಯುತ್ತವೆ. ಹೆಣ್ಣಿನ ಸಕಲ ಕಷ್ಟಗಳಿಗೂ ಸ್ಥಿತಿವಂತ ವರನೇ ಪರಿಹಾರ ಎಂಬ ಸುಳ್ಳನ್ನು ಸಿಹಿಯಾಗಿ ಉಣಬಡಿಸುತ್ತವೆ. ಮದುವೆಯ ಮಾರನೆಯ ದಿನ ಅಲ್ಲಿಲ್ಲ. ಮುಸ್ಲಿಮ್ ಹುಡುಗಿ ನಾಯಕಿಯಾಗುವುದಂತೂ ಅಪರೂಪ.

ಆ ಮಾರನೆಯ ದಿನವನ್ನು ಬರೆದವರು ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್. 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾ ಗಂಡನನ್ನು ಪ್ರೀತಿಸುತ್ತಾಳೆ, ಆತನೂ ಆಕೆಯನ್ನು ಪ್ರೀತಿಸುತ್ತಾನೆ. ಆದರೂ ತಂದೆಯ ಹಠ ಅವರನ್ನು ತಲಾಕ್‌ಗೆ ಒಯ್ಯುತ್ತದೆ. ಮತ್ತೆ ಒಂದಾಗಲು ಒಂದು ರಾತ್ರಿಯ ಮಟ್ಟಿಗೆ ಇನ್ನೊಬ್ಬನ ಪತ್ನಿಯಾಗಬೇಕೆಂಬ ಷರತ್ತಿನ ಮುಂದೆ ನಲುಗಿದ ಆಕೆ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ. ನಿನಗೇನು ಬೇಕು ಎಂದು ಅಲ್ಲೂ ಯಾರೂ ಆಕೆಯನ್ನು ಕೇಳಿರಲಿಲ್ಲ. 2025ರಲ್ಲಿ ಬಾನು ಮುಷ್ತಾಕ್‌ರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಕಥೆಗಳನ್ನು ಮನೆಗೆ ತಂದವರು ಎಷ್ಟು ಮಂದಿ?

ಕಸಿದುಕೊಂಡರೆ ಓದು ನಿಲ್ಲದು. ದಿಂಬಿನಡಿಗೆ ಸರಿಯುತ್ತದೆ, ಅಷ್ಟೇ. ಮಗಳು ಓದುವ ಕಾದಂಬರಿಯ ಪಕ್ಕದಲ್ಲಿ ಸಾರಾರನ್ನೂ ಬಾನುರನ್ನೂ ಇರಿಸಿ. ಓದಿದ್ದರ ಬಗ್ಗೆ ಊಟದ ಹೊತ್ತಿನಲ್ಲಿ ಆಕೆಯೊಂದಿಗೆ ಮಾತಾಡಿ. ಸಂಬಂಧ ಬಂದಾಗ, ಚಿನ್ನದ ಲೆಕ್ಕ ಆರಂಭವಾಗುವ ಮುನ್ನವೇ ಆಕೆಯ ಇಷ್ಟವನ್ನು ಕೇಳಿ. 'ಬೇಡ' ಎಂದರೆ ಅದನ್ನು ಒಪ್ಪಿಕೊಳ್ಳುವ ಎದೆಗಾರಿಕೆಯೊಂದಿಗೇ ಕೇಳಿ.